ಕರೆಂಟು ಬರ್ತಾ ಇದೆಯಲ್ಲ, ಮತ್ತೇನು ನೋಡೋದು?

"ಏನೂ ಕೆಟ್ಟಿಲ್ಲ, ಸುಮ್ಮನೆ ಒಂದು ಸಲ ಇಡೀ ಮನೆಯ ವೈರಿಂಗ್ ನೋಡಿ ಹೇಳಿ" ಅಂತ ನಮ್ಮ ಕಡೆಯ ಯಾವ ಎಲೆಕ್ಟ್ರಿಷಿಯನ್ನನ್ನಾದರೂ ಕೇಳಿ ನೋಡಿ. ಮೊದಲು ನಿಮ್ಮ ಮುಖ ನೋಡುತ್ತಾನೆ. ಆಮೇಲೆ, "ಕರೆಂಟು ಬರ್ತಾ ಇದೆಯಲ್ಲ ಸಾರ್, ಮತ್ತೇನು ನೋಡೋದು?" ಅನ್ನುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಫ್ಯಾನ್ ನಿಂತಿದೆ, ಟ್ಯೂಬ್‌ಲೈಟ್ ಮಿಣುಕುತ್ತಿದೆ, ಮೋಟರ್ ಎತ್ತುತ್ತಿಲ್ಲ ಅಂತಲೇ ಜನ ಅವನನ್ನು ಕರೆಯೋದು. ಕೆಡದೇ ಇರೋದನ್ನು ನೋಡಲು ದುಡ್ಡು ಕೊಟ್ಟವರನ್ನು ಅವನು ಕಂಡಿರುವುದಿಲ್ಲ.

ಗ್ಯಾಸ್ ಏಜೆನ್ಸಿಯವರು ಐದು ವರ್ಷಕ್ಕೊಮ್ಮೆ ಬಂದು ಸ್ಟೌ, ರೆಗ್ಯುಲೇಟರ್, ಪೈಪು ನೋಡಿ, ಸಹಿ ಹಾಕಿಸಿಕೊಂಡು, ಇನ್ನೂರು ಚಿಲ್ಲರೆ ರೂಪಾಯಿ ಇಸ್ಕೊಂಡು ಹೋಗುತ್ತಾರೆ. ಗೊಣಗಿಕೊಂಡಾದರೂ ಕೊಡುತ್ತೇವೆ. ಗೋಡೆಯೊಳಗಿನ ತಂತಿಗೆ ಮಾತ್ರ ಅಂಥ ಯಾರೂ ಬರುವುದಿಲ್ಲ. ಹಾಗಿದ್ದರೆ ನಾವೇ ದುಡ್ಡು ಕೊಟ್ಟು ಕರೆಸಬೇಕಾ, ಎಷ್ಟು ವರ್ಷಕ್ಕೊಮ್ಮೆ, ಕೊಟ್ಟ ದುಡ್ಡಿಗೆ ಏನು ಸಿಗುತ್ತೆ? ಮೈಸೂರಿನ ನಮ್ಮ ಹಳೇ ಮನೆಯನ್ನು ಕಳೆದ ಬೇಸಿಗೆಯಲ್ಲಿ ಪೂರ್ತಿ ಪರೀಕ್ಷೆ ಮಾಡಿಸಿದ ಮೇಲೆ ಈ ಪ್ರಶ್ನೆಗೆ ನನ್ನದೇ ಒಂದು ಉತ್ತರ ಸಿಕ್ಕಿದೆ. ಪ್ರತಿ ವರ್ಷ ಬೇಡ. ಆದರೆ ಮಾಡಿಸಿದಾಗ ಕಣ್ಣಲ್ಲಿ ನೋಡಿ ಹೋಗುವವರಿಗಲ್ಲ, ಅಳೆದು ಬರೆದುಕೊಡುವವರಿಗೆ ದುಡ್ಡು ಕೊಡಬೇಕು.

ಅಪ್ಪ ಆ ಮನೆ ಕಟ್ಟಿಸಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಗೋಡೆಯ ಮೇಲೆ ತೇಗದ ಪಟ್ಟಿ ಹೊಡೆದು, ಅದರ ಮೇಲೆ ಕ್ಲಿಪ್ಪು ಬಡಿದು ಎಳೆದ ಅಲ್ಯೂಮಿನಿಯಂ ತಂತಿ. ಮರದ ಬೋರ್ಡಿನ ಮೇಲೆ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳ ಸಾಲು. ಆ ವೈರಿಂಗನ್ನು ಲೆಕ್ಕ ಹಾಕಿದ್ದು ನಾಲ್ಕು ಟ್ಯೂಬ್‌ಲೈಟು, ಮೂರು ಫ್ಯಾನು, ಒಂದು ರೇಡಿಯೋ, ಒಂದು ಇಸ್ತ್ರಿ ಪೆಟ್ಟಿಗೆಗೆ. ನೀರು ಕಾಯುತ್ತಿದ್ದದ್ದು ಹಂಡೆಯಲ್ಲಿ, ಸೌದೆ ಒಲೆಯ ಮೇಲೆ. ಮುಂದೆ ಒಂದೊಂದಾಗಿ ಫ್ರಿಜ್ಜು, ಮಿಕ್ಸಿ, ಗ್ರೈಂಡರು, ವಾಷಿಂಗ್ ಮಷೀನು, ಗೀಸರು, ಇನ್ವರ್ಟರು, ಇಂಡಕ್ಷನ್ ಒಲೆ, ಕೊನೆಗೆ ಅಮ್ಮನ ಕೋಣೆಗೆ ಎಸಿ ಬಂದವು. ಬೆಳಿಗ್ಗೆ ಏಳು ಗಂಟೆಯ ಲೆಕ್ಕ ಹಾಕಿ ನೋಡಿ. ಎರಡು ಕಿಲೋವಾಟ್ ಗೀಸರ್ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ, ಇಂಡಕ್ಷನ್ ಇನ್ನೊಂದು ಒಂಬತ್ತು, ಇಸ್ತ್ರಿ ಪೆಟ್ಟಿಗೆ ನಾಲ್ಕು. ಇಪ್ಪತ್ತೆರಡು ಅಲ್ಲೇ ಆಯಿತು. ಮೀಟರಿನಿಂದ ಒಳಗೆ ಬಂದಿದ್ದ ತಂತಿ ಮಾತ್ರ ಅದೇ ಹಳೆಯದು. ಬಿಲ್ಲಿನಲ್ಲಿ ಆರ್‌ಆರ್ ನಂಬರಿನ ಆಸುಪಾಸಿನಲ್ಲಿ ಮಂಜೂರಾದ ಲೋಡು ಎಷ್ಟು ಕಿಲೋವಾಟ್ ಅಂತ ಅಚ್ಚಾಗಿರುತ್ತದೆ. ನಮ್ಮ ಪರಿಚಯದವರಲ್ಲಿ ಅದನ್ನು ಓದಿದವರು ನನಗೆ ಸಿಕ್ಕಿಲ್ಲ. ಗೃಹಜ್ಯೋತಿ ಬಂದ ಮೇಲಂತೂ ಬಿಲ್ಲು ಸೊನ್ನೆ ಬರುವ ಮನೆಗಳಲ್ಲಿ ಆ ಚೀಟಿಯನ್ನು ತಿರುಗಿಸಿಯೂ ನೋಡುವುದಿಲ್ಲ. ಹಿಂದೆ ಬಿಲ್ಲು ದಿಢೀರನೆ ಏರಿದರೆ, "ಎಲ್ಲೋ ಲೀಕ್ ಆಗ್ತಿರಬೇಕು" ಅಂತ ಮನೆಯ ಯಜಮಾನರು ಅನುಮಾನ ಪಡುತ್ತಿದ್ದರು. ಆ ಒಂದು ಸುಳಿವೂ ಈಗ ಕೆಲವರಿಗೆ ಇಲ್ಲ.

ಪರೀಕ್ಷೆಗೆ ಬಂದವರು ನಿವೃತ್ತ ಎಂಜಿನಿಯರ್. ವಿದ್ಯುತ್ ಪರಿವೀಕ್ಷಣಾಲಯದ ಸೂಪರ್‌ವೈಸರ್ ಪರ್ಮಿಟ್ ಇರುವವರು. "ರಿಪೇರಿ ನಾನು ಮಾಡಲ್ಲ, ಯಾರನ್ನೂ ಶಿಫಾರಸೂ ಮಾಡಲ್ಲ, ಅಳೆದು ಬರೆದುಕೊಡ್ತೀನಿ" ಎಂದು ಫೋನಿನಲ್ಲೇ ಹೇಳಿದ್ದರು. ಆ ಮಾತಿಗೇ ನಾನು ಒಪ್ಪಿದ್ದು. ನೋಡುವವನೂ ಅವನೇ, ರಿಪೇರಿ ಮಾಡಿ ದುಡ್ಡು ತಗೊಳ್ಳುವವನೂ ಅವನೇ ಆದರೆ ಮನೆಯಲ್ಲಿ ಸರಿಯಾಗಿರುವ ಸ್ವಿಚ್ಚೂ ಕೆಟ್ಟಿರುತ್ತದೆ.

ಅವರ ಚೀಲದಿಂದ ಹೊರಬಂದದ್ದು ಟೆಸ್ಟರ್ ಅಲ್ಲ, ತಂತಿಯ ಹೊದಿಕೆಯನ್ನು ಅಳೆಯುವ ಮೆಗ್ಗರ್. ಮೇನ್ ಆಫ್ ಮಾಡಿದರು. ಫ್ಯೂಸುಗಳನ್ನೆಲ್ಲ ಕಿತ್ತು ಮೇಜಿನ ಮೇಲೆ ಸಾಲಾಗಿ ಇಟ್ಟರು. ಬಲ್ಬು ಬಿಚ್ಚಿಸಿದರು, ಪ್ಲಗ್ಗುಗಳನ್ನು ಎಳೆಸಿದರು. ಒಂದೊಂದು ಸರ್ಕ್ಯೂಟಿಗೂ 500 ವೋಲ್ಟ್ ಡಿಸಿ ಕೊಟ್ಟು, ತಂತಿಯ ಹೊದಿಕೆ ಎಷ್ಟರ ಮಟ್ಟಿಗೆ ಕರೆಂಟನ್ನು ಒಳಗೇ ಹಿಡಿದಿಟ್ಟುಕೊಂಡಿದೆ ಎಂದು ಅಳೆದರು. ಅಳತೆ ಮೆಗಾಓಮ್‌ನಲ್ಲಿ, ಹೆಚ್ಚಿದ್ದಷ್ಟೂ ಒಳ್ಳೆಯದು. ಮನೆಯ ವೈರಿಂಗ್ ಕನಿಷ್ಠ ಒಂದು ಮೆಗಾಓಮ್ ತೋರಿಸಬೇಕು. ಹಾಲ್, ಕೋಣೆಗಳ ಸರ್ಕ್ಯೂಟುಗಳು ನೂರು ದಾಟಿದವು. ಅಷ್ಟು ಹಳೆಯ ತಂತಿ ಇಷ್ಟು ಚೆನ್ನಾಗಿರುತ್ತದೆ ಅಂತ ನಾನು ಎಣಿಸಿರಲಿಲ್ಲ. ಬಾತ್‌ರೂಮಿನ ಸರ್ಕ್ಯೂಟಿಗೆ ಬಂದಾಗ ಸಂಖ್ಯೆ 0.3ರಲ್ಲಿ ನಿಂತಿತು. ಎರಡನೇ ಸಲ ಒತ್ತಿದರು, ಅಷ್ಟೇ.

ಸ್ಟೂಲು ಹಾಕಿಕೊಂಡು ಬಾತ್‌ರೂಮಿನ ಗೋಡೆಯ ಜಂಕ್ಷನ್ ಬಾಕ್ಸ್ ತೆಗೆದರು. ಮೇಲಿನ ಟ್ಯಾಂಕಿನ ತೇವ ಗೋಡೆಯೊಳಗೆ ಇಳಿದು ಪೆಟ್ಟಿಗೆಯ ಒಂದು ಮೂಲೆ ತುಕ್ಕು ಹಿಡಿದಿತ್ತು. ಒಳಗೆ ಹಳೇ ಅಲ್ಯೂಮಿನಿಯಂ ತಂತಿಗೆ, ಗೀಸರ್ ಹಾಕಿಸಿದಾಗ ತಂದ ತಾಮ್ರದ ತಂತಿಯನ್ನು ಬರೀ ಕೈಯಲ್ಲಿ ತಿರುಚಿ ಟೇಪು ಸುತ್ತಲಾಗಿತ್ತು. ಟೇಪು ಗಟ್ಟಿಯಾಗಿ, ಮುಟ್ಟಿದರೆ ಚಿಪ್ಪಿನ ಹಾಗೆ ಉದುರಿತು. ಕೆಳಗೆ ತಂತಿಯ ಮೇಲೆ ಬಿಳಿ ಪುಡಿ. ಪಕ್ಕದ ಹೊದಿಕೆ ಒಂದಿಂಚು ಉದ್ದಕ್ಕೆ ಕಂದು ಬಣ್ಣಕ್ಕೆ ತಿರುಗಿತ್ತು.

"ಇದು ನಿಮಗೆ ಎಂದೂ ಗೊತ್ತಾಗ್ತಿರಲಿಲ್ಲ" ಅಂದರು. "ಗೀಸರ್ ಕೆಲಸ ಮಾಡ್ತಿತ್ತಲ್ಲ."

ಅವರು ಅಲ್ಲೇ ನಿಂತು ಹೇಳಿದ ಲೆಕ್ಕ ಇದು. ತಿರುಚಿದ ಜಾಯಿಂಟು ಸಡಿಲವಾಗಿ ಅರ್ಧ ಓಮ್‌ನಷ್ಟು ಪ್ರತಿರೋಧ ಹುಟ್ಟಿಕೊಂಡಿದೆ ಅಂದುಕೊಳ್ಳಿ. ಒಂಬತ್ತು ಆಂಪಿಯರ್ ಹರಿದರೆ ಆ ಒಂದು ಬಿಂದುವಿನಲ್ಲಿ ನಲವತ್ತು ವ್ಯಾಟ್ ಶಾಖ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಇಪ್ಪತ್ತೈದು ವ್ಯಾಟಿನಲ್ಲೇ ಸೀಸ ಕರಗಿಸುತ್ತದೆ. ಇಲ್ಲಿ ಅದಕ್ಕಿಂತ ಹೆಚ್ಚಿನ ಶಾಖ, ಮುಚ್ಚಿದ ಪೆಟ್ಟಿಗೆಯೊಳಗೆ, ಮರದ ಪಟ್ಟಿಯ ಪಕ್ಕದಲ್ಲಿ. ಹರಿಯುತ್ತಿರುವುದು ಗೀಸರಿಗೆ ಬೇಕಾದ ಒಂಬತ್ತೇ ಆಂಪಿಯರ್ ಆದ್ದರಿಂದ ಫ್ಯೂಸಿಗೂ, ಅದರ ಬದಲು ಈಗ ಹಾಕುವ, ಲೋಡು ಹೆಚ್ಚಾದರೆ ತಾನೇ ಬಿದ್ದು ಕರೆಂಟು ಕಡಿಯುವ ಎಂಸಿಬಿಗೂ ಅದು ಮಾಮೂಲು. ಹೋದಷ್ಟೇ ಕರೆಂಟು ವಾಪಸೂ ಬರುತ್ತಿರುವುದರಿಂದ, ಸೋರಿಕೆ ಹಿಡಿಯುವ ಆರ್‌ಸಿಸಿಬಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ತಪಾಸಣೆಯ ಪರವಾಗಿ ನಾನು ಕೇಳಿದ ವಾದಗಳಲ್ಲಿ ತೂಕದ್ದು ಇದೊಂದೇ. ಓವರ್‌ಲೋಡ್ ಆದರೆ ಎಂಸಿಬಿ ಬೀಳುತ್ತದೆ, ಸೋರಿದರೆ ಆರ್‌ಸಿಸಿಬಿ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಈ ಸಾಮಾನು ಯಾವುದೂ ಹೇಳದ ದೋಷ ಎರಡಿವೆ. ಸಡಿಲ ಜಾಯಿಂಟು ಒಂದು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ಥಿಂಗ್ ಕಡಿದುಹೋಗಿರುವುದು ಇನ್ನೊಂದು.

ಆ ಎರಡನೆಯದೂ ನಮ್ಮಲ್ಲಿತ್ತು. ಅಂಗಳಕ್ಕೆ ಟೈಲ್ಸ್ ಹಾಕಿಸಿದಾಗ ಅರ್ತ್ ಗುಂಡಿ ಅದರಡಿ ಸೇರಿಹೋಗಿತ್ತು. ಇದ್ದಿಲು, ಉಪ್ಪು ಹಾಕಿ ಪೈಪು ಹುಗಿದ ಹಳೇ ಕಾಲದ ಗುಂಡಿ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಬೇಕು. ಅಪ್ಪ ದಾಸವಾಳದ ಗಿಡಕ್ಕೆ ಹಾಕುವಾಗ ಅದಕ್ಕೂ ಒಂದು ಬಕೆಟ್ ಸುರಿಯುತ್ತಿದ್ದರು. ಒಂದು ಟೈಲ್ ಎಬ್ಬಿಸಿ ನೋಡಿದರೆ ಪೈಪಿಗೆ ಬಿಗಿದಿದ್ದ ಜಿಐ (ಸತುವಿನ ಲೇಪದ ಕಬ್ಬಿಣ) ತಂತಿ ತುಕ್ಕಾಗಿ, ಬೆರಳಲ್ಲಿ ಎಳೆದ ಕೂಡಲೇ ಕೈಗೆ ಬಂತು. ಮನೆಯ ಒಳಗೆ ಮಾತ್ರ ಅರ್ತ್ ತಂತಿ ಎಲ್ಲ ಕಡೆ ಅಚ್ಚುಕಟ್ಟಾಗಿ ಹೋಗಿದೆ, ಪ್ರತಿ ಪ್ಲಗ್ಗಿನ ಮೇಲಿನ ದಪ್ಪ ತೂತಿಗೂ ತಲುಪಿದೆ. ಅವೆಲ್ಲ ಒಂದಕ್ಕೊಂದು ಸೇರಿಕೊಂಡು ನೆಲಕ್ಕೆ ಮಾತ್ರ ಸೇರಿಲ್ಲ. ಇದು ಅರ್ಥಿಂಗ್ ಇಲ್ಲದೇ ಇರೋದಕ್ಕಿಂತ ಕೆಟ್ಟದ್ದು. ಬಾತ್‌ರೂಮಿನ ಪೆಟ್ಟಿಗೆಯಲ್ಲಿ ಸೋರಿದ ಕರೆಂಟು ಅದೇ ತಂತಿ ಹಿಡಿದು ಅಡುಗೆಮನೆಯ ಗ್ರೈಂಡರಿನ ಸ್ಟೀಲ್ ಮೈಗೆ, ಫ್ರಿಜ್ಜಿನ ಬಾಗಿಲಿಗೆ, ವಾಷಿಂಗ್ ಮಷೀನಿಗೆ ಹಂಚಿಹೋಗುತ್ತದೆ.

ಇದನ್ನು ವಿವರಿಸುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದ ಅಮ್ಮ, "ಅದಕ್ಕೇ ಇರಬೇಕು ಕಣಪ್ಪ, ಹಿಟ್ಟು ತೆಗೆಯೋವಾಗ ಒಂದೊಂದು ಸಲ ಜುಮ್ ಅಂತಿತ್ತು" ಅಂದರು. ಯಾಕೆ ಹೇಳಲಿಲ್ಲ ಅಂದರೆ, "ವಯಸ್ಸಾಯ್ತಲ್ಲ, ನರದ ತೊಂದರೆ ಅಂದ್ಕೊಂಡೆ."

ಎಂಜಿನಿಯರ್ ನಗಲಿಲ್ಲ. "ಎಲ್ಲಾ ಮನೇಲೂ ಹೀಗೇ ಅಮ್ಮ. ಜುಮ್ ಅಂದ್ರೆ ಡಾಕ್ಟರ ಹತ್ರ ಹೋಗ್ತಾರೆ" ಅಂದು ಬರೆದುಕೊಂಡರು.

ಇನ್ನು ಆರ್‌ಸಿಸಿಬಿ. ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲ ಅಂತ ಓದಿದವರೂ ನಂಬಿಕೊಂಡಿರುವುದರಿಂದ ಎರಡು ಮಾತು. ಎಂಸಿಬಿ ಇರುವುದು ತಂತಿಯನ್ನು ಕಾಯಲು, ಮನುಷ್ಯರನ್ನಲ್ಲ. ಲೈಟಿನ ಸರ್ಕ್ಯೂಟಿಗೆ ಹಾಕುವ ಆರು ಆಂಪಿಯರ್ ಎಂಸಿಬಿ ಬೀಳಬೇಕಾದರೆ ಆರಕ್ಕಿಂತ ಹೆಚ್ಚು ಹರಿಯಬೇಕು. ಮನುಷ್ಯನ ಹೃದಯ ತಾಳ ತಪ್ಪಲು ಅದರ ನೂರನೇ ಒಂದು ಪಾಲು ಸಾಕು. ಒದ್ದೆ ಕೈಯಲ್ಲಿ ಫೇಸ್, ಅಂದರೆ ಕರೆಂಟು ತರುವ ತಂತಿ, ಮುಟ್ಟಿ ಒದ್ದಾಡುತ್ತಿರುವವರನ್ನು ಎಂಸಿಬಿ ಒಂದು ಸಣ್ಣ ಬಲ್ಬು ಅಂದುಕೊಳ್ಳುತ್ತದೆ. ಆರ್‌ಸಿಸಿಬಿ ನೋಡುವುದು ಹೋದದ್ದೆಷ್ಟು, ವಾಪಸು ಬಂದದ್ದೆಷ್ಟು ಅಂತ. ಮನೆಗೆ ಹಾಕುವ 30 ಮಿಲಿಆಂಪಿಯರಿನದು ಅಷ್ಟು ವ್ಯತ್ಯಾಸ ಕಂಡರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಮೇನನ್ನೇ ಕಡಿಯುತ್ತದೆ. ಅರ್ಥಿಂಗ್ ಸರಿಯಿದ್ದರೆ ನೀವು ಮುಟ್ಟುವ ಮೊದಲೇ ಬೀಳುತ್ತದೆ. ಇಲ್ಲದಿದ್ದರೆ ಮುಟ್ಟಿದ ಕ್ಷಣದಲ್ಲಿ, ಒಂದು ಏಟು ತಿನ್ನಿಸಿ, ಬೀಳುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳೇ ಐದು ಕಿಲೋವಾಟಿಗಿಂತ ಕಡಿಮೆ ಲೋಡಿನ ಸಣ್ಣ ಮನೆಗಳನ್ನು ಬಿಟ್ಟು ಉಳಿದ ಕಡೆ ಇಂಥ ಸಾಧನ ಇರಬೇಕು ಅಂದವು.

ಹಳೇ ಮನೆಗೆ ಇದನ್ನು ಹಾಕಿಸುವುದು ಹೇಳಿದಷ್ಟು ಸಲೀಸಲ್ಲ. ಹಾಕಿಸಿದ ಮರುದಿನದಿಂದ ಸುಮ್ಮಸುಮ್ಮನೆ ಬೀಳುತ್ತದೆ. ಬಹಳ ಮನೆಗಳಲ್ಲಿ ಕಾರಣ ಇನ್ವರ್ಟರ್. ಇನ್ವರ್ಟರ್ ಕೂರಿಸಿದವರು ಫೇಸನ್ನು ಬೇರೆ ಎಳೆದು, ಕರೆಂಟು ವಾಪಸು ಹೋಗುವ ನ್ಯೂಟ್ರಲ್ ತಂತಿಯನ್ನು ಸಿಕ್ಕಿದಲ್ಲಿ ಸೇರಿಸಿ ಹೋಗಿರುತ್ತಾರೆ. ಆರ್‌ಸಿಸಿಬಿಯ ಒಂದು ಕಾಲಿನಿಂದ ಹೋದ ಕರೆಂಟು ಇನ್ನೊಂದು ಕಾಲಿನಿಂದ ಬರದೆ ಬೇರೆ ದಾರಿ ಹಿಡಿಯುತ್ತದೆ. ಲೆಕ್ಕ ತಪ್ಪುತ್ತದೆ, ಬೀಳುತ್ತದೆ. ಬೇಸತ್ತ ಮನೆಯವರು ಎಲೆಕ್ಟ್ರಿಷಿಯನ್ನನ್ನು ಕರೆಯುತ್ತಾರೆ, ಅವನು "ಇದು ಬಹಳ ಸೆನ್ಸಿಟಿವ್ ಸಾರ್" ಅಂದು ಎರಡು ತುಂಡು ತಂತಿಯಲ್ಲಿ ಬೈಪಾಸ್ ಮಾಡುತ್ತಾನೆ. ಪೆಟ್ಟಿಗೆಯಲ್ಲಿ ಆರ್‌ಸಿಸಿಬಿ ಠೀವಿಯಿಂದ ಕೂತಿರುತ್ತದೆ, ಅದರೊಳಗೆ ಏನೂ ಹರಿಯುತ್ತಿರುವುದಿಲ್ಲ. ಇನ್ವರ್ಟರ್ ಆಫ್ ಮಾಡಿಟ್ಟು, ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಬಟನ್ ಒತ್ತಿದಾಗ ಮನೆಯೆಲ್ಲ ಕತ್ತಲಾದರೆ ಸರಿ. ಕ್ಲಿಕ್ ಅಂದೂ ಫ್ಯಾನು ತಿರುಗುತ್ತಲೇ ಇದ್ದರೆ ಯಾರೋ ಬೈಪಾಸ್ ಮಾಡಿರುವ ಸಾಧ್ಯತೆ ಇದೆ ಅಂತಲೇ ತಿಳಿಯಿರಿ. ಇದಕ್ಕೆ ಖರ್ಚಿಲ್ಲ, ಯಾರೂ ಬರಬೇಕಿಲ್ಲ, ತಿಂಗಳಿಗೊಮ್ಮೆ ಮಾಡಬಹುದು.

ಈಗ ದುಡ್ಡಿನ ವಿಚಾರ. ಪರೀಕ್ಷೆಗೆ ಅವರು ತಗೊಂಡದ್ದು ಎರಡೂವರೆ ಸಾವಿರ. ಅರ್ಧ ದಿನದ ಕೆಲಸಕ್ಕೆ, ಎರಡು ಹಾಳೆ ವರದಿಗೆ ಅದು ದುಬಾರಿ ಅಂತ ನನಗೆ ಅನಿಸಲಿಲ್ಲ. ಬಿಸಿ ಮುಟ್ಟಿದ್ದು ಆಮೇಲೆ. ಹೊಸ ಅರ್ತ್ ಗುಂಡಿ, ಆರ್‌ಸಿಸಿಬಿ, ಕಿಟ್‌ಕ್ಯಾಟ್ ಸಾಲನ್ನು ಕಿತ್ತು ಎಂಸಿಬಿ ಪೆಟ್ಟಿಗೆ, ಬಾತ್‌ರೂಮಿಗೂ ಅಡುಗೆಮನೆಗೂ ಹೊಸ ತಾಮ್ರದ ತಂತಿ, ಕೂಲಿ, ಗೋಡೆ ಒಡೆದದ್ದಕ್ಕೆ ಗಾರೆ, ಮೇಲೆ ಬಣ್ಣ, ಎಲ್ಲ ಸೇರಿ ಪರೀಕ್ಷೆಯ ಹತ್ತು ಪಟ್ಟು ದಾಟಿತು. ಜನ ತಪಾಸಣೆಗೆ ಹಿಂಜರಿಯುವುದು ಫೀಜಿಗೆ ಹೆದರಿ ಅಲ್ಲ, ಈ ಪಟ್ಟಿಗೆ ಹೆದರಿ. ನೋಡಿಸಿದರೆ ಏನೋ ಒಂದು ಹೇಳೇ ಹೇಳುತ್ತಾರೆ, ಗೊತ್ತಾದ ಮೇಲೆ ಸುಮ್ಮನಿರೋಕಾಗಲ್ಲ.

ಅವರ ವರದಿಯಲ್ಲಿ ನನಗೆ ತುಂಬ ಹಿಡಿಸಿದ್ದು ಪಟ್ಟಿಯನ್ನು ಮೂರು ಭಾಗ ಮಾಡಿದ್ದ ರೀತಿ. ಈ ವಾರ, ಈ ವರ್ಷ, ಮತ್ತು "ಬೇಕಿಲ್ಲ". ಬೇಕಿಲ್ಲದ ಭಾಗದಲ್ಲಿ ಹಾಲಿನ, ಕೋಣೆಗಳ ವೈರಿಂಗ್ ಇತ್ತು. ಅದಕ್ಕೂ ಮೊದಲು ಬಂದಿದ್ದ ಒಬ್ಬ ಕಂಟ್ರಾಕ್ಟರು ಟೆಸ್ಟರಿನಲ್ಲಿ ನಾಲ್ಕು ಕಡೆ ಮುಟ್ಟಿ, "ಅಲ್ಯೂಮಿನಿಯಂ ಸಾರ್, ಇಡೀ ಮನೆ ರೀವೈರಿಂಗ್ ಮಾಡಿಸಿ" ಅಂದು ಒಂದೂವರೆ ಲಕ್ಷ ಹೇಳಿದ್ದರು. ಬರೀ ಲೈಟು, ಫ್ಯಾನು ನಡೆಸುವ, ನೂರು ಮೆಗಾಓಮ್ ತೋರಿಸುವ ತಂತಿಯನ್ನು ಕೀಳುವ ಅಗತ್ಯವಿಲ್ಲ, ತುದಿಗಳನ್ನು ಬಿಗಿ ಮಾಡಿಸಿ ಸಾಕು ಅಂತ ಎಂಜಿನಿಯರ್ ಬರೆದಿದ್ದರು. ಎರಡೂವರೆ ಸಾವಿರ ಕೊಟ್ಟದ್ದಕ್ಕೆ ಲಕ್ಷ ಉಳಿಯಿತು ಅಂತ ಲೆಕ್ಕ ಹಾಕಿದರೆ ತಪ್ಪಿಲ್ಲ. ತಪಾಸಣೆಯಿಂದ ಏನು ಮಾಡಬೇಕು ಅನ್ನುವಷ್ಟೇ ಏನು ಮಾಡಬೇಕಿಲ್ಲ ಅನ್ನುವುದೂ ಗೊತ್ತಾಗಬೇಕು.

ಹಾಗಾದರೆ ವರ್ಷಾವರ್ಷ? ಬೆಂಗಳೂರಿನಲ್ಲಿ ಈಗ ವಾರ್ಷಿಕ ಕರಾರು ಮಾಡಿಕೊಳ್ಳುವವರಿದ್ದಾರೆ. ಫೋನಿನಲ್ಲಿ ಬುಕ್ ಮಾಡಿದರೆ ಟೀ ಶರ್ಟ್ ಹಾಕಿದ ಹುಡುಗ ಬರುತ್ತಾನೆ, ಫೋನಿನ ಪಟ್ಟಿಯಲ್ಲಿ ಟಿಕ್ ಹಾಕುತ್ತಾ ಹೋಗುತ್ತಾನೆ. ಸ್ವಿಚ್ಚು ಸರಿ, ಸಾಕೆಟ್ಟು ಸರಿ, ಫ್ಯಾನ್ ರೆಗ್ಯುಲೇಟರ್ ಬದಲಿಸಬೇಕು. ನಮ್ಮ ಬಾಡಿಗೆ ಮನೆಗೆ ಬಂದವನ ಬಳಿ ಮೆಗ್ಗರ್ ಇರಲಿಲ್ಲ, ಅರ್ತ್ ಟೆಸ್ಟರ್ ಇರಲಿಲ್ಲ, ಬೋರ್ಡೊಂದನ್ನೂ ಬಿಚ್ಚಲಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ದುಡ್ಡು ಸುರಿಯುವುದು ದಂಡ. ಒಳ್ಳೆಯ ತಂತಿಯ ಹೊದಿಕೆ ಹನ್ನೆರಡು ತಿಂಗಳಲ್ಲಿ ಹಾಳಾಗುವುದಿಲ್ಲ. ಹಾಳಾಗುವುದು ನಾವು ಕೈಯಾಡಿಸಿದಾಗ: ಎಸಿ ಹಾಕಿಸಿದಾಗ, ಇಂಡಕ್ಷನ್ ತಂದಾಗ, ಎಲೆಕ್ಟ್ರಿಕ್ ಸ್ಕೂಟರಿಗೆ ಪೋರ್ಟಿಕೋದಲ್ಲಿ ಹೊಸ ಪಾಯಿಂಟ್ ಎಳೆಸಿದಾಗ, ಸೂರು ಸೋರಿದಾಗ, ನೆಲಮಹಡಿಗೆ ಮಳೆ ನೀರು ನುಗ್ಗಿದಾಗ, ಹಳೇ ಮನೆ ಕೊಂಡಾಗ. ಆಗ ಕ್ಯಾಲೆಂಡರ್ ನೋಡದೆ ಕರೆಸಬೇಕು. ಇವೇನೂ ಇಲ್ಲದಿದ್ದರೆ ಐದು ವರ್ಷ ಸಾಕು. 2023ರಲ್ಲಿ ಹೊಸ ನಿಯಮ ಬರುವವರೆಗೆ ಜಾರಿಯಲ್ಲಿದ್ದ, ನಾನು ಮೇಲೆ ಹೇಳಿದ 2010ರ ನಿಯಮಗಳಲ್ಲೂ ಪರಿಶೀಲನೆಯ ಅಂತರ ಐದು ವರ್ಷ ಮೀರಬಾರದು ಅಂತಲೇ ಇತ್ತು. ಕಾಗದದ ಮೇಲೆ ಅದು ಪರಿವೀಕ್ಷಕರದೋ ವಿದ್ಯುತ್ ಪೂರೈಸುವವರದೋ ಕೆಲಸವಾಗಿತ್ತು. ಕೆಇಬಿ ಹೋಗಿ ಕಂಪನಿಗಳು ಬಂದು ಇಪ್ಪತ್ತು ವರ್ಷದ ಮೇಲಾಯಿತು, ಮೀಟರ್ ಓದಲು ಬಿಟ್ಟು ಬೇರೆ ಯಾವುದಕ್ಕೂ ನಮ್ಮ ಮನೆಯ ಗೇಟು ದಾಟಿದವರನ್ನು ಅಮ್ಮ ಕಂಡಿಲ್ಲ.

ನನಗೆ ಹೆಚ್ಚು ಚಿಂತೆ ಬಾಡಿಗೆ ಮನೆಗಳದ್ದು. ಸ್ವಂತ ಮನೆಯವರು ಇವತ್ತಲ್ಲ ನಾಳೆ ಮಾಡಿಸಿಯಾರು. ಬಾಡಿಗೆದಾರ ಮಾಡಿಸಿದರೆ ಅವನ ದುಡ್ಡು ಇನ್ನೊಬ್ಬರ ಗೋಡೆಗೆ ಹೋಗುತ್ತದೆ. ಮಾಲೀಕ ಮಾಡಿಸಿದರೆ ಬಾಡಿಗೆ ನೂರು ರೂಪಾಯಿಯೂ ಏರುವುದಿಲ್ಲ. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾವಿದ್ದ ಮನೆಯ ಬಾತ್‌ರೂಮಿನ ನಲ್ಲಿಯಲ್ಲಿ ಶಾಕ್ ಹೊಡೆಯುತ್ತಿತ್ತು. ಮಾಲೀಕರಿಗೆ ಹೇಳಿದರೆ, "ಸ್ಲಿಪ್ಪರ್ ಹಾಕ್ಕೊಂಡು ಸ್ನಾನ ಮಾಡಿ, ಹಿಂದಿನವರು ಹಾಗೇ ಮಾಡ್ತಿದ್ರು" ಅಂದರು. ಮನೆ ಬಿಡುವಾಗ ಅದೇ ಮಾಲೀಕರು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗಿಗೆ ಅಂತ ಹಿಡಿದುಕೊಂಡರು. ಅದು ಊರಿನ ಪದ್ಧತಿ, ಯಾರೂ ಜಗಳವಾಡುವುದಿಲ್ಲ. ಗೋಡೆಯ ಮೇಲಿನ ಬಣ್ಣಕ್ಕೆ ಪ್ರತಿ ಬಾಡಿಗೆದಾರನೂ ಒಂದು ತಿಂಗಳು ಕೊಡುತ್ತಾನೆ, ಗೋಡೆಯ ಒಳಗಿನ ತಂತಿಗೆ ಯಾರೂ ಒಂದು ಪೈಸೆ ಎತ್ತಿಡುವುದಿಲ್ಲ.

ಇಂಗ್ಲೆಂಡಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಬಾಡಿಗೆಗೆ ಮನೆ ಹಿಡಿದಾಗ, ಕೀ ಕೊಡುವ ಮೊದಲೇ ವೈರಿಂಗಿನ ಪರೀಕ್ಷಾ ವರದಿ ಕೈಗೆ ಬಂತಂತೆ. ಅಲ್ಲಿ 2020ರಿಂದ ಬಾಡಿಗೆ ಮನೆಗಳಿಗೆ ಕನಿಷ್ಠ ಐದು ವರ್ಷಕ್ಕೊಮ್ಮೆ ಇದು ಕಡ್ಡಾಯ, ಖರ್ಚು ಮಾಲೀಕನದು. ನಮ್ಮಲ್ಲೂ ಕಾನೂನು ಬರಲಿ ಅಂತ ಬರೆದು ಕೂರುವ ಉಮೇದು ನನಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ಕರೆಂಟು ಹೊಡೆದು ಸಾಯುವವರು ವರ್ಷಕ್ಕೆ ಹತ್ತು ಸಾವಿರದ ಮೇಲಿದ್ದಾರೆ. ಹೊಲದ ಪಂಪ್‌ಸೆಟ್ಟು, ಬೀದಿಯಲ್ಲಿ ಕಡಿದು ಬಿದ್ದ ತಂತಿ, ಬಟ್ಟೆ ಒಣಹಾಕುವ ಕಬ್ಬಿಣದ ತಂತಿ ಎಲ್ಲ ಸೇರಿ ಇಷ್ಟು. ಇಷ್ಟಾದರೂ ಇದ್ದ ನಿಯಮವೇ ಮನೆಗಳವರೆಗೆ ತಲುಪಿಲ್ಲ. ಅದಕ್ಕಿಂತ ಪೇಂಟಿಂಗ್ ದುಡ್ಡು ಹಿಡಿದುಕೊಳ್ಳುವ ಹೊತ್ತಿಗೇ ಮಾಲೀಕರನ್ನು ಹಿಡಿಯುವುದು ಸುಲಭ. ಮನೆ ಖಾಲಿ ಇರುತ್ತದೆ, ಸಾಮಾನು ಅಡ್ಡ ಇರುವುದಿಲ್ಲ, ಗೋಡೆಗೆ ಹೇಗೂ ಪುಟ್ಟಿ ಹಾಕಿ ಬಣ್ಣ ಬಳಿಯುವವರು ಬರುತ್ತಾರೆ. ಬಣ್ಣದವರಿಗಿಂತ ಒಂದು ದಿನ ಮುಂಚೆ ಮೆಗ್ಗರ್ ಇರುವವರು ಬಂದು ಹೋದರೆ ಆಯಿತು. ಮನೆ ಹುಡುಕುವವರೂ ಕಾವೇರಿ ನೀರು ಬರುತ್ತಾ, ಪಾರ್ಕಿಂಗ್ ಇದೆಯಾ ಅಂತ ಕೇಳುವಾಗಲೇ ಆರ್‌ಸಿಸಿಬಿ ಎಲ್ಲಿದೆ ತೋರಿಸಿ ಅಂತ ಕೇಳಿ, ಅಲ್ಲೇ ಬಟನ್ ಒತ್ತಿ ನೋಡಬಹುದು. ಮಾಲೀಕರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮೈಸೂರಿನ ಮನೆಯಲ್ಲಿ ಒಂದು ಕೆಲಸ ಬಾಕಿಯಿದೆ, ಇನ್ವರ್ಟರಿನ ನ್ಯೂಟ್ರಲ್ ಬೇರ್ಪಡಿಸುವುದು. ಒಪ್ಪಿಕೊಂಡ ಎಲೆಕ್ಟ್ರಿಷಿಯನ್ ಬರುತ್ತೇನೆ ಅಂದು ಎರಡು ಸಲ ಕೈಕೊಟ್ಟಿದ್ದಾನೆ. ಅಲ್ಲಿಯವರೆಗೆ ಇನ್ವರ್ಟರಿನ ಸರ್ಕ್ಯೂಟು ಆರ್‌ಸಿಸಿಬಿಯ ಹೊರಗೇ ಇದೆ, ಆ ಬೋರ್ಡಿನ ಮೇಲೆ ಅಮ್ಮ ಕೆಂಪು ಬಿಂದಿ ಅಂಟಿಸಿದ್ದಾರೆ. ಮಳೆಗಾಲ ಮುಗಿದ ಮೇಲೆ ಬಾತ್‌ರೂಮಿನ ಸರ್ಕ್ಯೂಟಿಗೆ ಮಾತ್ರ ಇನ್ನೊಮ್ಮೆ ಮೆಗ್ಗರ್ ಹಾಕಿಸುತ್ತೇನೆ. ಟ್ಯಾಂಕಿನ ತೇವ ನಿಂತಿದೆಯೋ ಇಲ್ಲವೋ ನೋಡಬೇಕು. ಅದು ಒಂದು ಮೆಗಾಓಮ್ ದಾಟಿದ್ದರೆ ಉಳಿದದ್ದನ್ನು ಐದು ವರ್ಷ ಮುಟ್ಟುವುದಿಲ್ಲ.